ಶೂವಿನ ಹೆಸರೂ ಶೂ ಮಾಡಿದ ಕೈಯೂ

ನಮ್ಮ ಮದುವೆಗಳಲ್ಲಿ ಈಗ ಪುದಿಯಾಪ್ಲೆಯ ಮುಖಕ್ಕಿಂತ ಮೊದಲು ಕಾಲು ನೋಡುವವರಿದ್ದಾರೆ. ಯಾವ ಬ್ರ್ಯಾಂಡ್? ದುಬೈಯದ್ದಾ? ಒರಿಜಿನಲ್ಲಾ, ಕಾಪಿಯಾ? ಒಳ್ಳೆಯ ಶೂ ಆಸೆಪಡುವುದು ತಪ್ಪಲ್ಲ. ಆದರೆ ನಾವು ಮೆಚ್ಚುತ್ತಿರುವುದು ಏನನ್ನು?

ಗಲ್ಫ್‌ನ ಮಾಲ್‌ಗಳಲ್ಲಿ ಹೊಳೆಯುವ ಫೆರಗಾಮೊ ಎಂಬ ಹೆಸರನ್ನೇ ನೋಡಿ. ಸಾಲ್ವತೋರೆ ಫೆರಗಾಮೊ 1898ರಲ್ಲಿ ಇಟಲಿಯ ಬೊನಿಟೊ ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದವರು. ಶೂ ಹೊಲಿಯುವುದು ಕೀಳು ಕೆಲಸವೆಂದು ಮನೆಯವರೇ ಮೊದಲು ಒಪ್ಪಿರಲಿಲ್ಲ. ಮುಂದೆ ಅಮೆರಿಕದಲ್ಲಿ ಸಿನಿಮಾ ನಟಿಯರಿಗೆ ಶೂ ಮಾಡುವಾಗ, ಚಂದದ ಶೂ ಕಾಲನ್ನು ಯಾಕೆ ನೋಯಿಸುತ್ತದೆ ಎಂದು ತಿಳಿಯಲು ದೇಹರಚನೆಯ ಪಾಠ ಕಲಿತರು. ನಿಂತಾಗ ಭಾರವೆಲ್ಲ ಪಾದದ ಕಮಾನಿನ ಮೇಲೆ ಬೀಳುತ್ತದೆಂದು ಕಂಡುಕೊಂಡು, ಅಲ್ಲಿಗೆ ಉಕ್ಕಿನ ಪಟ್ಟಿಯ ಆಸರೆ ಕೊಟ್ಟರು. 1930ರ ದಶಕದಲ್ಲಿ ಇಟಲಿಯ ಮೇಲೆ ನಿರ್ಬಂಧ ಬಿದ್ದು ಒಳ್ಳೆಯ ಉಕ್ಕು ಸಿಗದಾಗ, ಹಿಮ್ಮಡಿಯ ಕೆಳಗೆ ಕಾರ್ಕ್ ತುಂಬಿಸಿದರು. ಇವತ್ತಿನ ವೆಜ್ ಹೀಲ್ ಜನಪ್ರಿಯವಾದದ್ದು ಹಾಗೆ.

ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೆ ಇದು ಫ್ಯಾಶನ್ ಅಲ್ಲ, ಭಾರ ಹೊರುವ ಲೆಕ್ಕ. ಕಾಪಿ ಮಾಡುವವನು ಹೆಸರನ್ನು, ಬಕಲ್ಲನ್ನು ಕಾಪಿ ಮಾಡುತ್ತಾನೆ. ಕಣ್ಣಿಗೆ ಕಾಣದ ಪಟ್ಟಿಗೆ ಯಾಕೆ ಖರ್ಚು ಮಾಡಿಯಾನು? ಅಂಗಡಿಯವನ ಮಗನಾಗಿಯೂ ಹೇಳುತ್ತೇನೆ: ಹೆಸರಿಗೆ ಕೊಡುವ ದುಡ್ಡು ಬೇರೆ, ಸರಕಿಗೆ ಕೊಡುವ ದುಡ್ಡು ಬೇರೆ. ಸಾಲ ಮಾಡಿ ಹೆಸರು ಕೊಳ್ಳಬೇಡಿ.

ಇನ್ನೊಂದು ಮಾತು. ಹುಡುಗ ವೆಲ್ಡಿಂಗ್, ಟೈಲರಿಂಗ್ ಕೆಲಸದವನೆಂದರೆ ಹೆಣ್ಣು ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ. ಆದರೆ ಶೂ ಹೊಲಿದವನ ಹೆಸರನ್ನು ಮಾತ್ರ ಹೆಮ್ಮೆಯಿಂದ ಕಾಲಿಗೆ ಹಾಕಿಕೊಳ್ಳುತ್ತೇವೆ. ಇದು ಸರಿಯಾ? ಶೂವನ್ನು ಮೆಚ್ಚುವುದಾದರೆ, ಕೆಲಸ ಬಲ್ಲ ಕೈಯನ್ನೂ ಮೆಚ್ಚೋಣ.