ವಾಣಿಜ್ಯ ಮಂಡಳಿಯ ಸಭೆಯಲ್ಲಿ ಒಬ್ಬ ಆಂಟಿಟ್ರಸ್ಟ್ ವಕೀಲ ಇರಬೇಕಿತ್ತು



ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ "ನಾನು ವಕೀಲ" ಅಂದರೆ ಸಾಕು, ಮುಂದಿನ ಪ್ರಶ್ನೆ ಗ್ರೀನ್ ಕಾರ್ಡಿನದ್ದು. "ಅದಲ್ಲ, ಆಂಟಿಟ್ರಸ್ಟ್" ಅಂದರೆ ಎದುರಿಗಿದ್ದವರಿಗೆ ಗೊಂದಲ. ಹಿರಿಯರೊಬ್ಬರು ತಮ್ಮ ಊರಿನ ದೇವಸ್ಥಾನದ ಟ್ರಸ್ಟಿನ ಜಗಳವನ್ನು ಪೂರ್ತಿ ನನ್ನ ಮುಂದೆ ಬಿಚ್ಚಿಟ್ಟಿದ್ದರು. ಅವರ ತಪ್ಪೇನಿಲ್ಲ, ಹೆಸರೇ ಹಾಗಿದೆ. 1882ರಲ್ಲಿ ರಾಕ್‌ಫೆಲರ್ ಮತ್ತು ಜೊತೆಗಾರರು ತಮ್ಮ ಎಣ್ಣೆ ಕಂಪನಿಗಳನ್ನೆಲ್ಲ ಒಂದು ಟ್ರಸ್ಟಿನ ಕೆಳಗೆ ತಂದರು. ಅಂಥ ಕೂಟಗಳನ್ನು ಮುರಿಯಲು 1890ರಲ್ಲಿ ಶರ್ಮನ್ ಕಾಯ್ದೆ ಬಂತು. 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ 34 ತುಂಡಾಯಿತು. ಟ್ರಸ್ಟುಗಳು ಹೋದವು, ಹೆಸರು ಮಾತ್ರ ಉಳಿಯಿತು.

ದೊಡ್ಡ ಲಾ ಫರ್ಮಿನಲ್ಲಿ ಈ ವಕೀಲ ಮಾಡುವುದಾದರೂ ಏನು? ಸಿನಿಮಾದಲ್ಲಿ ತೋರಿಸುವಂತೆ ದಿನಾ ಕೋರ್ಟಿನಲ್ಲಿ ವಾದ ಮಾಡುವುದಿಲ್ಲ. ಹೆಚ್ಚಿನ ಕೆಲಸ ವಿಲೀನದ್ದು. ದೊಡ್ಡ ಕಂಪನಿಯೊಂದು ಇನ್ನೊಂದನ್ನು ಕೊಳ್ಳಬೇಕಾದರೆ 1976ರ ಕಾಯ್ದೆಯ ಪ್ರಕಾರ ಮೊದಲೇ ಸರ್ಕಾರಕ್ಕೆ ತಿಳಿಸಿ, ಸಾಮಾನ್ಯವಾಗಿ 30 ದಿನ ಕಾಯಬೇಕು. ಸರ್ಕಾರಕ್ಕೆ ಅನುಮಾನ ಬಂದರೆ "ಇನ್ನಷ್ಟು ಮಾಹಿತಿ ಕೊಡಿ" ಅಂತ ಎರಡನೇ ಪತ್ರ ಬರುತ್ತದೆ. ಅಲ್ಲಿಗೆ ಕಿರಿಯ ವಕೀಲರ ನಿದ್ದೆ ಮುಗಿಯಿತು. ಲಕ್ಷಾಂತರ ಇಮೇಲ್, ಪ್ರೆಸೆಂಟೇಶನ್, ಸಭೆಯ ಟಿಪ್ಪಣಿಗಳನ್ನು ಜಾಲಾಡಬೇಕು. ಮಾರ್ಕೆಟಿಂಗ್‌ನವನೊಬ್ಬ ಉತ್ಸಾಹದಲ್ಲಿ "ಇವರನ್ನು ಕೊಂಡರೆ ಬೆಲೆ ಏರಿಸಲು ಅಡ್ಡಿಯೇ ಇಲ್ಲ" ಅಂತ ಬರೆದ ಒಂದು ಸಾಲು ಸಾಕು, ಕೋಟಿಗಟ್ಟಲೆ ಡಾಲರಿನ ವ್ಯವಹಾರ ಮಗುಚಿ ಬೀಳಲು. ಈ ಓದಿನ ಲೆಕ್ಕವನ್ನೆಲ್ಲ ಆರಾರು ನಿಮಿಷದ ತುಂಡುಗಳಲ್ಲಿ ಬರೆದಿಡಬೇಕು. ಗಂಟೆಯ ಹತ್ತನೇ ಒಂದು ಭಾಗಕ್ಕೆ ಬಿಲ್ ಹಾಕುವ ಕಸುಬು ನಮ್ಮದು.

ಇದು ಯಾರ ಪರ? ಮುಚ್ಚುಮರೆ ಯಾಕೆ, ಬಹುಪಾಲು ದೊಡ್ಡ ಕಂಪನಿಗಳ ಪರ. ಫೀಸು ಕೊಡುವವರು ಅವರೇ. ಆದರೆ ಈ ಕೆಲಸದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ತಪ್ಪು ನಡೆಯುವ ಮೊದಲೇ ಕಕ್ಷಿದಾರರ ಮುಂದೆ ಕೂತು "ಇದನ್ನು ಮಾಡಬೇಡಿ" ಅನ್ನುವ ಭಾಗ. ಅದರಲ್ಲೂ ಉದ್ಯಮ ಸಂಘಗಳ ವಿಷಯ. ಪೈಪೋಟಿಯಲ್ಲಿರುವವರೆಲ್ಲ ಒಂದೇ ಸಂಘದ ಸದಸ್ಯರು, ವರ್ಷಕ್ಕೆ ನಾಲ್ಕು ಸಲ ಸಭೆ, ಸಭೆಯ ನಂತರ ಊಟ. ಅಲ್ಲಿ ಬೆಲೆಯ ಮಾತು ಬಂದರೆ, ಯಾರ ಜೊತೆ ವ್ಯವಹಾರ ಮಾಡಬಾರದು ಅನ್ನುವ ಮಾತು ಬಂದರೆ, ಎದ್ದು ಹೊರಗೆ ಬನ್ನಿ, ನೀವು ಎದ್ದು ಬಂದದ್ದು ನಡಾವಳಿಯಲ್ಲಿ ದಾಖಲಾಗಲಿ. ಇದೇ ನಮ್ಮ ಮೊದಲ ಪಾಠ. ಬಹಳ ಸಂಘಗಳು ಈ ಕಾರಣಕ್ಕೇ ಸಭೆಯಲ್ಲಿ ವಕೀಲರೊಬ್ಬರನ್ನು ಕೂರಿಸಿಕೊಳ್ಳುತ್ತವೆ. ಹೆದರಿಕೆಗೂ ಕಾರಣವಿದೆ. 2004ರಿಂದ ಇಂಥ ಒಳಒಪ್ಪಂದಕ್ಕೆ ಅಮೆರಿಕದಲ್ಲಿ ಗರಿಷ್ಠ 10 ವರ್ಷ ಜೈಲು. ನಷ್ಟವಾದವರು ದಾವೆ ಹೂಡಿ ಗೆದ್ದರೆ ಪರಿಹಾರ ಮೂರು ಪಟ್ಟು.

ಎಚ್ಚರಿಕೆ ಕೇಳದಿದ್ದರೆ ಏನಾಗುತ್ತದೆ ಅನ್ನುವುದು ಬೇ ಏರಿಯಾದ ಗೆಳೆಯರಿಗೆ ಗೊತ್ತಿರಬಹುದು. ಆಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್, ಪಿಕ್ಸಾರ್, ಲೂಕಸ್‌ಫಿಲ್ಮ್ ಕಂಪನಿಗಳು "ನಿಮ್ಮವರಿಗೆ ನಾವು ಫೋನ್ ಮಾಡುವುದಿಲ್ಲ, ನಮ್ಮವರಿಗೆ ನೀವು ಮಾಡಬೇಡಿ" ಅಂತ ಒಳಗೊಳಗೇ ಮಾತಾಡಿಕೊಂಡಿದ್ದವು. 2007ರಲ್ಲಿ ಗೂಗಲ್ಲಿನ ನೇಮಕಾತಿ ವಿಭಾಗದವರೊಬ್ಬರು ಆಪಲ್ ಇಂಜಿನಿಯರನ್ನು ಸಂಪರ್ಕಿಸಿದ್ದಕ್ಕೆ ಸ್ಟೀವ್ ಜಾಬ್ಸ್ ದೂರು ಕಳಿಸಿದರು, ಸಂಪರ್ಕಿಸಿದವರ ಕೆಲಸ ಹೋಯಿತು. ಆ ಸುದ್ದಿಗೆ ಜಾಬ್ಸ್ ಹಾಕಿದ್ದು ಒಂದು ನಗುಮುಖದ ಚಿಹ್ನೆ. ಗೂಗಲ್ಲಿನ ಎರಿಕ್ ಶ್ಮಿಟ್ ಅಂತೂ ಇಂಥವನ್ನು ಬಾಯಿಮಾತಿನಲ್ಲೇ ತಿಳಿಸಿ, ಬರವಣಿಗೆಯಲ್ಲಿದ್ದರೆ ಮುಂದೆ ಕೇಸು ಬಿದ್ದೀತು ಅನ್ನುವ ಅರ್ಥದಲ್ಲಿ ಬರೆದೇ ಬಿಟ್ಟಿದ್ದರು! ಆ ಬರಹವೂ ಕೋರ್ಟಿನ ಕಡತ ಸೇರಿತು. 2010ರಲ್ಲಿ ಸರ್ಕಾರ ಈ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿ, ರಾಜಿಯಲ್ಲಿ ಆ ಒಪ್ಪಂದಗಳನ್ನು ನಿಲ್ಲಿಸಿತು. ಆಮೇಲೆ ಸುಮಾರು 64,000 ಉದ್ಯೋಗಿಗಳ ಪರವಾಗಿ ನಡೆದ ದಾವೆಯಲ್ಲಿ ನಾಲ್ಕು ಕಂಪನಿಗಳು ಕೊಡಲು ಒಪ್ಪಿದ 32.45 ಕೋಟಿ ಡಾಲರನ್ನು ನ್ಯಾಯಾಧೀಶೆ ಲೂಸಿ ಕೋ ಕಡಿಮೆಯಾಯಿತು ಅಂತ ತಳ್ಳಿಹಾಕಿದರು. 2015ರಲ್ಲಿ ಅದು 41.5 ಕೋಟಿಗೆ ಇತ್ಯರ್ಥವಾಯಿತು. ವಕೀಲರ ಫೀಸು ಕಳೆಯುವ ಮೊದಲು ತಲೆಗೆ ಸರಾಸರಿ 6,500 ಡಾಲರಿನ ಆಸುಪಾಸು. ದೊಡ್ಡ ಮೊತ್ತವೇನಲ್ಲ. ಆದರೆ ಸಂಬಳ ಯಾಕೆ ಏರುತ್ತಿಲ್ಲ ಅಂತ ತಮ್ಮನ್ನೇ ಹಳಿದುಕೊಳ್ಳುತ್ತಿದ್ದ ಇಂಜಿನಿಯರುಗಳಿಗೆ, ತಮ್ಮ ಬೆನ್ನ ಹಿಂದೆ ಬೇರೆ ಏನೋ ನಡೆದಿತ್ತು ಅಂತ ಅವತ್ತು ತಿಳಿಯಿತು.

ಈಗ ಬೆಂಗಳೂರಿಗೆ ಬನ್ನಿ. ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದಕ್ಕೂ ಗಾಂಧಿನಗರದಲ್ಲಿ ನಡೆದದ್ದಕ್ಕೂ ಕಾನೂನಿನ ಕಣ್ಣಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಅಂದರೆ ಕೆಲವರಿಗೆ ಸಿಟ್ಟು ಬರಬಹುದು. ಆದರೂ ಹೇಳುತ್ತೇನೆ. ಅರ್ಧ ಶತಮಾನ ಕನ್ನಡಕ್ಕೆ ಡಬ್ ಆದ ಚಿತ್ರ, ಧಾರಾವಾಹಿಗಳು ಬರದಂತೆ ತಡೆದದ್ದು ಯಾವ ಶಾಸನ? ಯಾವುದೂ ಇಲ್ಲ. ವಿಧಾನಸೌಧದಲ್ಲಿ ಅಂಥ ಕಾಯ್ದೆ ಪಾಸಾಗಲೇ ಇಲ್ಲ. ಪೈಪೋಟಿಯಲ್ಲಿದ್ದವರೇ ಸಂಘ ಕಟ್ಟಿಕೊಂಡು, ಯಾವ ಸರಕು ಮಾರುಕಟ್ಟೆಗೆ ಬರಬಾರದು ಅಂತ ತಾವೇ ತೀರ್ಮಾನಿಸಿದ್ದರು. ನಮ್ಮ ಮೊದಲ ಪಾಠದಲ್ಲಿ "ಎದ್ದು ಹೊರಗೆ ಬನ್ನಿ" ಅನ್ನುವ ಜಾಗ ಇದೇ.

ಅರವತ್ತರ ದಶಕದಲ್ಲಿ ಅನಕೃ ಅಂಥವರು ಡಬ್ಬಿಂಗ್ ವಿರುದ್ಧ ನಿಂತದ್ದಕ್ಕೆ ಕಾರಣವಿತ್ತು, ಅದನ್ನು ಹಗುರವಾಗಿ ನೋಡುವವನಲ್ಲ ನಾನು. ಆಗ ಕನ್ನಡ ಚಿತ್ರರಂಗ ಎಳೆಯದು, ಕಲಾವಿದರ ಅನ್ನದ ಪ್ರಶ್ನೆ ನಿಜ. ಆದರೆ ಎಳೆಯ ಗಿಡಕ್ಕೆ ಹಾಕಿದ ಬೇಲಿಯನ್ನು ಮರವಾದ ಮೇಲೂ ಬಿಟ್ಟರೆ ಒಳಗೆ ಸಿಕ್ಕಿಕೊಳ್ಳುವವರು ಯಾರು? ನೋಡುಗರು. ಕನ್ನಡದಲ್ಲಿ ಸಿಗದ್ದನ್ನು ಮಕ್ಕಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಿದರು, ಭಾಷೆಗೆ ಆದ ಲಾಭವೇನು? 2012ರಲ್ಲಿ "ಸತ್ಯಮೇವ ಜಯತೆ" ಬೇರೆ ಭಾಷೆಗಳಿಗೆ ಡಬ್ ಆಗಿ ಬಂದಾಗ ಕನ್ನಡಿಗರು ಹೊರಗುಳಿದರು.

ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು. ಕೂಟದ್ದು ಸಾಮಾನ್ಯ ನೋಡುಗರ ಗುಂಪು. 2002ರ ಸ್ಪರ್ಧಾ ಕಾಯ್ದೆಯಲ್ಲಿ ಗ್ರಾಹಕರೂ ಅವರ ಸಂಘಗಳೂ ನೇರವಾಗಿ ದೂರು ಕೊಡಬಹುದು, ಅದನ್ನು ಅವರು ಬಳಸಿಕೊಂಡರು. ಆಯೋಗದ ತನಿಖೆ ನಡೆದು 2015ರ ಜುಲೈನಲ್ಲಿ ತೀರ್ಪು ಬಂತು. ಚಲನಚಿತ್ರ ವಾಣಿಜ್ಯ ಮಂಡಳಿ, ಟೆಲಿವಿಷನ್ ಅಸೋಸಿಯೇಷನ್, ನಿರ್ಮಾಪಕರ ಸಂಘ, ಮೂರಕ್ಕೂ ಸೇರಿ ಸುಮಾರು 20 ಲಕ್ಷ ರೂಪಾಯಿ ದಂಡ. 2017ರ ಮಾರ್ಚಿನಲ್ಲಿ, ಬಂಗಾಳಿಗೆ ಡಬ್ ಆದ "ಮಹಾಭಾರತ" ಧಾರಾವಾಹಿಯ ಪ್ರಕರಣದಲ್ಲಿ, ಇಂಥ ಬಹಿಷ್ಕಾರಕ್ಕೂ ಸ್ಪರ್ಧಾ ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟೇ ಹೇಳಿತು. ಅದೇ ತಿಂಗಳು "ಸತ್ಯದೇವ್ ಐಪಿಎಸ್" ತೆರೆಗೆ ಬಂತು, ಪ್ರತಿಭಟನೆಯ ನಡುವೆ. 2018ರಲ್ಲಿ ನಮ್ಮ "ಕೆಜಿಎಫ್" ಹಿಂದಿ, ತೆಲುಗು, ತಮಿಳು, ಮಲಯಾಳಕ್ಕೆ ಡಬ್ ಆಗಿ ದೇಶ ಸುತ್ತಿದಾಗ ಗಾಂಧಿನಗರದಲ್ಲಿ ಯಾರೂ ಬೇಡ ಅನ್ನಲಿಲ್ಲ, ಇರಲಿ ಬಿಡಿ. 2020ರ ಹೊತ್ತಿಗೆ ಮನೆಮನೆಯಲ್ಲಿ "ಮಹಾಭಾರತ" ಕನ್ನಡದಲ್ಲಿ ಮಾತಾಡುತ್ತಿತ್ತು.

ನನ್ನನ್ನು ಕಾಡುವುದು ನಡುವಿನ ವರ್ಷಗಳು. ಕಾಯ್ದೆಯ ಈ ಭಾಗ ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಕನ್ನಡದ ಹೋರಾಟಗಳಲ್ಲಿ ನಾವು ಧರಣಿ ಬಲ್ಲೆವು, ಮನವಿ ಪತ್ರ ಬಲ್ಲೆವು, ಬಂದ್ ಅಂತೂ ಚೆನ್ನಾಗಿ ಬಲ್ಲೆವು. ನಮ್ಮ ಕೈಯಲ್ಲೇ ಇಂಥದೊಂದು ಹತಾರ ಇದೆ ಅಂತ ಗೊತ್ತಿದ್ದವರು ಎಷ್ಟು ಜನ? ಹೊರದೇಶದ ದೊಡ್ಡ ಫರ್ಮುಗಳಲ್ಲಿ ಕೂತು ದಿನವಿಡೀ ಇದೇ ಕೆಲಸ ಮಾಡುವ ನಾವು ಒಂದು ಪುಟವನ್ನಾದರೂ ಕನ್ನಡದಲ್ಲಿ ಬರೆದಿದ್ದೆವಾ? ನಾನಂತೂ ಬರೆದಿರಲಿಲ್ಲ.

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ ವರ್ಷಕ್ಕೆ 50 ಗಂಟೆ ಉಚಿತ ಸೇವೆ ಮಾಡಿ ಅನ್ನುತ್ತದೆ. ನಮ್ಮ ಲೈಸೆನ್ಸಿನಲ್ಲಿ ಭಾರತದ ಆಯೋಗದ ಮುಂದೆ ವಾದ ಮಾಡಲಾಗದು ನಿಜ. ಆದರೆ ದೂರು ಹೇಗೆ ಕಟ್ಟಬೇಕು, ಯಾವ ಪತ್ರ ಜೋಪಾನ ಮಾಡಬೇಕು, ಸಂಘದ ಸುತ್ತೋಲೆಯಲ್ಲಿ ಯಾವ ಸಾಲು ಸಾಕ್ಷಿಯಾಗುತ್ತದೆ, ಇಷ್ಟನ್ನು ತಿಳಿಗನ್ನಡದಲ್ಲಿ ಬರೆಯಲು ಯಾವ ಲೈಸೆನ್ಸೂ ಬೇಡ. ಬೆಂಗಳೂರಿನ ಲಾ ಕಾಲೇಜು ಹುಡುಗರಿಗೆ, ಊರಿನ ಗ್ರಾಹಕ ಸಂಘಗಳಿಗೆ ಕೊಡುವಂಥ 40 ಪುಟದ ಕೈಪಿಡಿ ಮಾಡೋಣ ಅಂತಿದ್ದೇನೆ. ಮೊದಲ ಅಧ್ಯಾಯ, ಉದ್ಯಮ ಸಂಘಗಳ ಸಭೆಯ ಬಗ್ಗೆ, ನನ್ನದು. ಭಾರತದ ಕಾಯ್ದೆಯ ಅನುಭವ ಇರುವ ಗೆಳೆಯರು ಇದ್ದರೆ ಈ ಮೇಲಿಗೆ ಉತ್ತರಿಸಿ, ಎರಡನೆಯದು ನಿಮಗೆ.