ಮಕ್ಕಳು ಬಂದುಹೋದರೆ ಅಡಮಾನಕ್ಕೇನು ಧಕ್ಕೆ?

ಇಂಗ್ಲೆಂಡಿನಲ್ಲಿ ಗೃಹಸಾಲ ಪಡೆದವರು ಮನೆಯಲ್ಲೇ ಶಿಶುಪಾಲನೆಯ ಉದ್ಯೋಗ ನಡೆಸುವುದನ್ನು ಬ್ಯಾಂಕು ತಡೆದರೆ ತಪ್ಪಿಲ್ಲ, ಷರತ್ತಿಗೆ ಸಹಿ ಹಾಕಿದವರು ದೂರುವಂತಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಅಡಮಾನದ ಮನೆಯ ಬೆಲೆ ಕುಸಿಯಬಾರದು, ಕಂತು ತಪ್ಪಿದರೆ ಮನೆ ತೊಡಕಿಲ್ಲದೆ ಕೈಸೇರಬೇಕು ಎಂಬ ಬ್ಯಾಂಕಿನ ಕಾಳಜಿ ಸರಿಯೇ. ಆದರೆ ನಡುಮನೆಯಲ್ಲಿ ಆಡುವ ಮಕ್ಕಳು ಬಾಡಿಗೆದಾರರಲ್ಲ. ಸಂಜೆ ಅವರು ಹೊರಟ ಮೇಲೆ ಅದು ಮತ್ತೆ ಸಂಸಾರದ ಮನೆಯೇ. ಇದರಿಂದ ಯಾರಿಗೂ ಸ್ವಾಧೀನದ ಹಕ್ಕು ಹುಟ್ಟುವುದಿಲ್ಲ.

ಅಪಾಯದ ಮಾತೂ ನಿಲ್ಲದು. ಶಿಶುಪಾಲಕರಿಗೆ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್‌ನಲ್ಲಿ ಇಲ್ಲವೇ ಮಾನ್ಯ ಏಜೆನ್ಸಿಯಲ್ಲಿ ನೋಂದಣಿ ಕಡ್ಡಾಯ. ಒಬ್ಬ ಪಾಲಕಿಯ ಬಳಿ ಎಂಟು ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ 6ಕ್ಕಿಂತ ಹೆಚ್ಚಿರುವಂತಿಲ್ಲ. ವಿಮೆಯೂ ಬೇಕು.

2023ರ ಬಜೆಟ್ಟಿನಲ್ಲಿ ಸರ್ಕಾರವೇ ಹೊಸ ಪಾಲಕರಿಗೆ 600 ಪೌಂಡ್, ಏಜೆನ್ಸಿಯ ಮೂಲಕ ಬಂದವರಿಗೆ 1,200 ಪೌಂಡ್ ಪ್ರೋತ್ಸಾಹಧನ ಘೋಷಿಸಿತು. ಸರ್ಕಾರವೇ ಹಣ ಕೊಟ್ಟು ಕರೆದ ಕೆಲಸಕ್ಕೆ ಬ್ಯಾಂಕು ಅಡ್ಡಗಾಲು ಹಾಕಿದರೆ ನಷ್ಟ ಪಾಲಕಿಗೆ ಮಾತ್ರವಲ್ಲ, ಮಗುವನ್ನು ಬಿಟ್ಟು ದುಡಿಯಲು ಹೋಗಬೇಕಾದ ಪ್ರತಿ ತಾಯಿ ತಂದೆಗೂ.

ನೋಂದಾಯಿತ ಪಾಲಕರಿಗೆ ಒಪ್ಪಿಗೆ ನಿಯಮವಾಗಲಿ. ನಿರಾಕರಿಸುವ ಬ್ಯಾಂಕು ಕಾರಣವನ್ನು ಲಿಖಿತವಾಗಿ ಕೊಡಲಿ.