ಚಕ್ಕಡಿ ಹೋದ ದಾರಿಗೆ ಬಸ್ಸೂ ಹೋಗಲಿ

ಎಳ್ಳ ಅಮಾವಾಸ್ಯೆಯಂದು ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಎರೆಹೊಲಗಳಲ್ಲಿ ಚರಗ ಚೆಲ್ಲುವ ಪದ್ಧತಿ ಇಂದಿಗೂ ಉಳಿದಿದೆ. ಸಜ್ಜಿರೊಟ್ಟಿ, ಕಡುಬು, ಪುಂಡಿಪಲ್ಯೆಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಚಕ್ಕಡಿಯೇರಿ ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯ ಸಲ್ಲಿಸಿ, ಮರದ ನೆರಳಿನಲ್ಲಿ ಉಂಡು, ಹೊತ್ತು ಮುಳುಗುವ ಮುನ್ನ ಮನೆ ಸೇರುವುದು ರೂಢಿ. ಆ ಚಕ್ಕಡಿಯಲ್ಲಿ ಅಜ್ಜಿಗೂ ಸ್ಥಳವಿತ್ತು, ಎಳೆಗೂಸಿಗೂ ಸ್ಥಳವಿತ್ತು.

ಈ ಊರುಗಳಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳಿಗೆ ಇಂದು ಹೊಲವೂ ಇಲ್ಲ, ಚಕ್ಕಡಿಯೂ ಇಲ್ಲ. ಮಕ್ಕಳಿಗೆ ಹಸಿರು ತೋರಿಸಬೇಕಾದರೆ ಸ್ವಂತ ಕಾರು ಇರಬೇಕೆಂಬ ಸ್ಥಿತಿ ಬಂದಿದೆ.

ಹಸಿರೇನೂ ದೂರವಿಲ್ಲ. ಕಾರವಾರ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ಕಲಘಟಗಿ. ಅಲ್ಲಿಗೆ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಕಾಣತೊಡಗುತ್ತದೆ. ಅದೇ ತಾಲ್ಲೂಕಿನ ತಂಬೂರಿನಲ್ಲಿ ಬಸವಣ್ಣನ ಪುರಾತನ ಗುಡಿಯೂ ವಿಸ್ತಾರವಾದ ಕೆರೆಯೂ ಇವೆ. ಇತ್ತ ಅಣ್ಣಿಗೇರಿ ದಾಟಿ ಗದಗಿನತ್ತ ಹೋದರೆ ಬಿಂಕದಕಟ್ಟಿಯ ಮೃಗಾಲಯವಿದೆ.

ಒಂದು ಶ್ರಾವಣದ ರವಿವಾರ ನಾವು ಎಂಬತ್ತರ ಹೊಸ್ತಿಲಲ್ಲಿರುವ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಕಲಘಟಗಿ ಕಡೆಯ ಕೆರೆಯೊಂದನ್ನು ನೋಡಲು ಬಸ್ಸಿನಲ್ಲಿ ಹೊರಟೆವು. ದೊಡ್ಡ ರಸ್ತೆಯ ಪ್ರಯಾಣ ಸುಗಮವಾಗಿಯೇ ಆಯಿತು. ಒಳದಾರಿಯ ಬಸ್ಸಿಗಾಗಿ ಮಾತ್ರ ಬಹಳ ಹೊತ್ತು ಕಾಯಬೇಕಾಯಿತು. ಮರಳುವ ಬಸ್ಸಿನ ವೇಳೆಯನ್ನು ಯಾರೂ ಖಚಿತವಾಗಿ ಹೇಳಲಿಲ್ಲ. ಅದು ತಪ್ಪಿಹೋದೀತೆಂಬ ಅಂಜಿಕೆಯಿಂದ ಕೆರೆಯ ದಂಡೆಯಲ್ಲಿ ಬಿಚ್ಚಬೇಕಾದ ಬುತ್ತಿಯನ್ನು ರಸ್ತೆಯ ಬದಿಯಲ್ಲಿ ಬಿಚ್ಚಿದೆವು. "ಕೆರಿ ಕಣ್ಣಿಗೆ ಬಿತ್ತಲ್ಲಪ್ಪಾ, ಸಾಕು" ಎಂದು ತಾಯಿಯವರೇ ನಮ್ಮನ್ನು ಸಮಾಧಾನಪಡಿಸಿದರು. ಆ ಮಾತು ಇನ್ನೂ ನಮ್ಮ ಮನಸ್ಸನ್ನು ಚುಚ್ಚುತ್ತಿದೆ.

ಅನುಕೂಲತೆಗಳು ಬಂದಿಲ್ಲವೆಂದಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವಿನ ತ್ವರಿತ ಬಸ್ ಸೇವೆ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಅದರ ಬಸ್ಸುಗಳಿಗೆ ನಮ್ಮ ಬಯಲಿನ ಪ್ರಾಣಿಯಾದ 'ಚಿಗರಿ'ಯ ಹೆಸರನ್ನೇ ಇಟ್ಟಿದ್ದಾರೆ. ಅದು ನಮ್ಮನ್ನು ಉಣಕಲ್ ಕೆರೆಯ ಬಳಿಗೆ ಒಯ್ಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯನ್ವಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ಆದರೆ ಟಿಕೆಟ್ಟು ಉಚಿತವಾದ ಮಾತ್ರಕ್ಕೆ ಫಲವೇನು? ಹೊತ್ತಿಗೆ ಸರಿಯಾಗಿ ಮರಳಿ ತರುವ ಬಸ್ಸೂ ಬೇಕಲ್ಲವೇ?

ಇದು ಆಗದ ಕೆಲಸವೇನೂ ಅಲ್ಲ. ಮಾಘ ಮಾಸದಲ್ಲಿ ಉಳವಿಯ ಚೆನ್ನಬಸವಣ್ಣನವರ ಜಾತ್ರೆಗೆ ನಮ್ಮ ಭಾಗದ ಚಕ್ಕಡಿಗಳು ಕಾಡಿನ ದಾರಿ ಹಿಡಿಯುತ್ತವೆ. ಅವುಗಳ ಜೊತೆಗೆ ವಿಶೇಷ ಬಸ್ಸುಗಳೂ ಓಡುತ್ತವೆ. ಜಾತ್ರೆಗೆ ಸಾಧ್ಯವಾದುದು ರವಿವಾರಕ್ಕೆ ಏಕೆ ಸಾಧ್ಯವಾಗಬಾರದು? ಶ್ರಾವಣದಿಂದ ಕಾರ್ತಿಕದವರೆಗೆ ಪ್ರತಿ ರವಿವಾರ ಮುಂಜಾನೆ ಹೋಗಿ ಸಂಜೆ ಮರಳುವ ಒಂದೇ ಒಂದು ಬಸ್ಸನ್ನು ಪ್ರಾಯೋಗಿಕವಾಗಿ ಬಿಡಲಿ. ಅದರ ವೇಳೆಯನ್ನು ಎರಡೂ ತುದಿಗಳಲ್ಲಿ ಫಲಕದ ಮೇಲೆ ಬರೆಯಲಿ. ದಾರಿಯ ಹಳ್ಳಿಗಳವರಿಗೂ ಅದರಿಂದ ಉಪಯೋಗವಾಗುವುದು.

ವಾಚಕ ಬಂಧುಗಳೇ, ನಿಮ್ಮ ಓಣಿಯ ಹತ್ತು ಮನೆಯವರು ಕೂಡಿ ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೆ ಒಂದು ಮನವಿ ಸಲ್ಲಿಸಿರಿ. ಬಸ್ಸು ಬಂದಾಗ ಅದನ್ನು ಖಾಲಿ ಓಡಗೊಡಬೇಡಿರಿ. ಒಯ್ದ ಬುತ್ತಿಯ ಕಸವನ್ನು ಕೆರೆಯ ದಂಡೆಯಲ್ಲಿ ಚೆಲ್ಲದೆ ಮರಳಿ ತರುವ ಹೊಣೆಯೂ ನಮ್ಮದೇ. ಅಲ್ಲಿ ಚೆಲ್ಲತಕ್ಕದ್ದು ಚರಗವೊಂದನ್ನೇ.